ಎಲೆಯ ಮೇಲಿನ ಮೇಣ

ಬೆಂಗಳೂರಿಗೆ ಹೋದಾಗ ನಾವು ಇಳಿದುಕೊಳ್ಳುವುದು ವಿಜಯನಗರದ ಬಳಿ ಆರ್‌ಪಿಸಿ ಲೇಔಟ್‌ನ ನಂಟರ ಮನೆಯಲ್ಲಿ. ಈ ಸಲ ಅವರ ಮಹಡಿಯ ಕುಂಡದಲ್ಲೊಂದು ‘ಕ್ರಿಸ್‌ಮಸ್ ಗಿಡ’ ಕಂಡಿತು. ನರ್ಸರಿಯವರು ನಾರ್ಫೋಕ್ ಪೈನ್ ಎಂದು ಕೊಟ್ಟದ್ದಂತೆ. (ಇದರ ದಾಯಾದಿ ಕುಕ್ ಪೈನ್ ಕೂಡ ಇದೇ ಹೆಸರಿನಲ್ಲಿ ಮಾರಾಟವಾಗುವುದುಂಟು, ಎಳೆಯ ಗಿಡದಲ್ಲಿ ಭೇದ ತಿಳಿಯುವುದು ಕಷ್ಟ.) ಭೂತಗನ್ನಡಿ ಹಿಡಿದು ನೋಡಿದರೆ, ಸೂಜಿಯಂಥ ಎಲೆಯ ಉದ್ದಕ್ಕೂ ಬಿಳಿಯ ಚುಕ್ಕೆಗಳ ಸಾಲು!

ಈ ಚುಕ್ಕೆಗಳೇ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಬಾಗಿಲುಗಳು. ಬೆಳ್ಳಗೆ ಕಾಣುವುದು ಅವುಗಳ ಬಾಯಲ್ಲಿ ತುಂಬಿದ ಮೇಣ. ಗಾಳಿ ಅದರ ಸಂದಿನಲ್ಲಿ ನುಸುಳುತ್ತದೆ, ನೀರಿನ ಹನಿ ಮಾತ್ರ ಒಳಹೋಗದೆ ಜಾರುತ್ತದೆ.

ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪವೇ ಈ ಮರದ ತವರು. ಕಾಡುಮರವಾಗಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಳಿವಿನ ಭೀತಿಯ ಪಟ್ಟಿಗೂ ಸೇರಿದೆ. ಉಪ್ಪುಗಾಳಿಯನ್ನು ತಡೆದುಕೊಳ್ಳುವುದೆಂದೇ ಆಸ್ಟ್ರೇಲಿಯದ ಕಡಲತೀರಗಳಲ್ಲಿ ಸಾಲುಸಾಲಾಗಿ ನೆಟ್ಟರು. ಆದರೆ ಸಿಡ್ನಿಯ ತೀರದಲ್ಲಿ ಮರಗಳು ಒಣಗತೊಡಗಿದವು. ಉಪ್ಪು ಹೊಸದಲ್ಲವಲ್ಲ, ಮತ್ತೇಕೆ? 1970ರ ದಶಕದಲ್ಲಿ ವಿಜ್ಞಾನಿಗಳು ಕಾರಣ ಹುಡುಕಿದರು. ಕಡಲಿಗೆ ಬಿಟ್ಟ ಕೊಳಚೆ ನೀರಿನಲ್ಲಿ ಡಿಟರ್ಜೆಂಟ್ ಇತ್ತು. ಜಾರಬೇಕಾದ ಹನಿ ಅದರಿಂದಾಗಿ ಎಲೆಗೆ ಹರಡಿ ಅಂಟಿಕೊಂಡು, ರಂಧ್ರದೊಳಗೆ ಉಪ್ಪನ್ನು ಹೊತ್ತೊಯ್ಯುತ್ತಿತ್ತು.

ಇದನ್ನು ಕೇಳಿ ನಮಗೆ ನಮ್ಮ ತೋಟದ ನೆನಪಾಯಿತು. ಕಾಫಿ ಎಲೆಯ ಪತ್ರರಂಧ್ರಗಳೆಲ್ಲ ಇರುವುದು ಕೆಳಮೈಯಲ್ಲೇ. ತುಕ್ಕು ರೋಗದ ಬೀಜಾಣು ನೀರಿನ ಪಸೆಯಲ್ಲಿ ಮೊಳೆತು, ಆ ಬಾಗಿಲಿಂದಲೇ ಒಳಹೊಕ್ಕು, ಕೊನೆಗೆ ಕಿತ್ತಳೆ ಬಣ್ಣದ ಪುಡಿಯಾಗಿ ಆ ಬಾಗಿಲಿಂದಲೇ ಹೊರಬೀಳುತ್ತದೆ. ಇದು ತಿಳಿಯದೆ ನಾವೂ ಎಷ್ಟೋ ವರ್ಷ ಎಲೆಯ ಮೇಲ್ಮೈಗೇ ಬೋರ್ಡೋ ಹೊಡೆಸಿದೆವು. ಮೈಲುತುತ್ತವೂ ಹೋಯಿತು, ಕೂಲಿಯೂ ಹೋಯಿತು, ಎಲೆಯೂ ಉದುರಿತು.

ಕಾಫಿಗೆ ಶೇಕಡಾ 0.5ರ ದ್ರಾವಣ ಸಾಕು: 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ‘ಚೆನ್ನಾಗಿ ಅಂಟಲಿ’ ಎಂದು ಬಟ್ಟೆ ಸೋಪಿನ ಪುಡಿಯನ್ನು ಕೈಗೆ ಬಂದಷ್ಟು ಸುರಿಯುವ ಮಿತ್ರರು ಸಿಡ್ನಿಯ ಮರಗಳನ್ನೊಮ್ಮೆ ನೆನೆಯಲಿ. ಅಂಟು ಬೇಕಿದ್ದರೆ ಅದಕ್ಕೆಂದೇ ಮಾರುವುದನ್ನು, ಹೇಳಿದ ಅಳತೆಯಲ್ಲಿ ಬಳಸಿದರಾಯಿತು.

ಮುಂಗಾರಿಗೆ ಮುಂಚಿನ ಸಿಂಪರಣೆ ಮುಗಿದ ಸಂಜೆ ಸಾಲಿನ ನಡುವೆ ನಡೆದು ನಾಲ್ಕಾರು ಎಲೆಗಳನ್ನು ಮಗುಚಿ ನೋಡಿ. ಕೆಳಮೈಯಲ್ಲಿ ನೀಲಿ ಕಾಣದಿದ್ದರೆ ಪಂಪಿನವರನ್ನು ಮರುದಿನವೇ ಮತ್ತೆ ಕರೆಯಿರಿ.