ಕೆಂಪು ರಕ್ತಕಣವೂ ಪ್ರಾಣವಾಯುವೂ

ಪ್ರಾಣವಾಯುವಿಲ್ಲದೆ ನಾವು ಬದುಕಲಾರೆವು. ಆದರೆ ಅದೇ ವಾಯುವು ತೇವವಾದ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ಇಟ್ಟ ಎಣ್ಣೆಯನ್ನು ಕಮಟಾಗಿಸುವುದು. ಉತ್ಕರ್ಷಣವೆಂಬ ಈ ಕ್ರಿಯೆಯು ನಮ್ಮ ರಕ್ತದಲ್ಲಿಯೂ ಹಗಲಿರುಳು ನಡೆಯುತ್ತಿರುವುದು. ಅದರಿಂದ ರಕ್ತಕಣಕ್ಕೆ ಬರುವ ಅಪಾಯವನ್ನೂ ಅದಕ್ಕಿರುವ ಕಾವಲನ್ನೂ ಇಲ್ಲಿ ವಿವರಿಸಬಯಸುತ್ತೇವೆ.

ಕೆಂಪು ರಕ್ತಕಣವು ಎರಡು ಕಡೆಗಳಲ್ಲಿಯೂ ತಗ್ಗಾದ ಬಿಲ್ಲೆಯಂತಿದೆ. ಅದರ ಅಗಲವು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 7 ಅಥವಾ 8 ಪಾಲು ಮಾತ್ರ. ತನಗಿಂತ ಕಿರಿದಾದ ಲೋಮನಾಳಗಳಲ್ಲಿಯೂ ಅದು ಬಳುಕಿ ನುಸುಳಬೇಕು. ಆದುದರಿಂದ ಮೃದುತ್ವವೇ ಅದರ ಮುಖ್ಯ ಗುಣವು. ಒಳಗಿರುವ ಹಿಮೋಗ್ಲೋಬಿನ್ನಿನ ಕಬ್ಬಿಣದ ಅಂಶವು ಪ್ರಾಣವಾಯುವನ್ನು ಹೊರುವುದು. ಈ ಕಣದಲ್ಲಿ ಕೋಶಕೇಂದ್ರವಿಲ್ಲದ ಕಾರಣ ಸವೆದ ಕಿಣ್ವಗಳನ್ನು ಅದು ಹೊಸದಾಗಿ ಮಾಡಿಕೊಳ್ಳಲಾರದು. ಆದರೂ ಸುಮಾರು 120 ದಿನ ದುಡಿಯುವುದು. ಗ್ಲುಟಾಥಯೋನ್ ಎಂಬ ವಸ್ತುವು ಅದರ ಕಾವಲುಗಾರ. ಆ ಕಾವಲುಗಾರನ ಶಕ್ತಿಯನ್ನು ಮತ್ತೆ ಮತ್ತೆ ತುಂಬಿಕೊಡಲು ಜಿ-6-ಪಿ-ಡಿ ಎಂಬ ಕಿಣ್ವವು ಬೇಕು.

ಕಾವಲು ಸೋತರೆ ಮೂರು ಕೇಡುಗಳುಂಟಾಗುವುವು. ಕಬ್ಬಿಣದ ಅಂಶವು ರೂಪಾಂತರಗೊಂಡು ಪ್ರಾಣವಾಯುವನ್ನು ಹೊರಲಾರದಾಗುವುದು. ಹಿಮೋಗ್ಲೋಬಿನ್ನು ಕೆಟ್ಟು ಗಂಟುಗಟ್ಟುವುದು. ಪೊರೆಯಲ್ಲಿರುವ ಕೊಬ್ಬು ಕೆಟ್ಟು ಪೊರೆಯು ಬಿರುಸಾಗುವುದು. ಬಳುಕಲಾರದ ಇಂಥ ಕಣಗಳನ್ನು ಗುಲ್ಮವು ಹಿಡಿದು ನಾಶಪಡಿಸುವುದು. ಕೆಲವು ರಕ್ತನಾಳಗಳಲ್ಲಿಯೇ ಒಡೆಯುವುವು.

ಮಲೇರಿಯಾ ಜ್ವರಕ್ಕೆ ಕೊಡುವ ಪ್ರೈಮಾಕ್ವಿನ್ ಔಷಧವು ಕೆಲವರಲ್ಲಿ ಮಾತ್ರ ರಕ್ತಕಣಗಳನ್ನು ಒಡೆಯುವುದೇಕೆಂದು ಅಮೇರಿಕದ ಸಂಶೋಧಕರು 1956ರಲ್ಲಿ ತೋರಿಸಿದರು. ಅಂಥವರಲ್ಲಿ ಹುಟ್ಟಿನಿಂದಲೇ ಮೇಲೆ ಹೇಳಿದ ಕಿಣ್ವದ ಕೊರತೆಯಿತ್ತು. ಈ ಕೊರತೆಯು ನಮ್ಮ ದೇಶದಲ್ಲಿಯೂ ಉಂಟು. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ನುಸಿಗುಳಿಗೆಯೂ ಅಂಥವರಿಗೆ, ವಿಶೇಷವಾಗಿ ಎಳೆಯ ಕೂಸುಗಳಿಗೆ, ಅಪಾಯಕರವು.

ಗಂಡುಮಗುವಿಗೆ ಈ ಕೊರತೆಯು ತಾಯಿಯಿಂದ ಬರುವುದು. ತಾಯಿಯಾದರೋ ಅನೇಕ ವೇಳೆ ಆರೋಗ್ಯವಂತಳಾಗಿಯೇ ಇರುವಳು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಆಕೆಯನ್ನು ದೂರುವುದು ಅನ್ಯಾಯ. ಆದರೆ ತಿಳಿದ ಮೇಲೆ ಎಚ್ಚರಿಕೆಯು ನಮ್ಮ ಕೈಯಲ್ಲಿದೆ. ಕೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆಯನ್ನು ಇಡಬಾರದು. ಪ್ರೈಮಾಕ್ವಿನ್ ತೆಗೆದುಕೊಳ್ಳುವ ಮುಂಚೆ ರಕ್ತಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳಬೇಕು. ಔಷಧದ ತರುವಾಯ ಮೂತ್ರವು ಕರಿಚಹದ ಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಿಯ ವಿದ್ಯಾರ್ಥಿನಿಯರೇ, ದೇವರು ನಮಗೊಪ್ಪಿಸಿದ ಶರೀರವನ್ನು ಅರಿತು ಕಾಯುವುದೂ ಆತನ ಸೇವೆಯೇ ಆಗಿದೆ. ಈ ಅರಿವನ್ನು ನಿಮ್ಮ ಮನೆಗಳಿಗೂ ಕೊಂಡೊಯ್ಯಿರಿ.