ಮಲಗಿದ ವಿಕ್ರಮನ ನೆತ್ತಿಯ ಮೇಲೊಂದು ಕನ್ನಡಿ

ರಾತ್ರಿ ಬಸ್ಸಿನಲ್ಲಿ ಚಾಲಕನ ಹತ್ತಿರದ ಸೀಟು ಹಿಡಿದು ಪ್ರಯಾಣ ಮಾಡಿದ್ದರೆ ನೀವೂ ನೋಡಿರುತ್ತೀರಿ. ಕಗ್ಗತ್ತಲ ರಸ್ತೆ. ದೂರದಲ್ಲಿ ಇದ್ದಕ್ಕಿದ್ದಂತೆ ಒಂದು ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಹತ್ತಿರ ಹೋದಾಗ ತಿಳಿಯುತ್ತದೆ, ಅದು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಸೈಕಲ್ಲು. ಅದಕ್ಕೆ ಡೈನಮೋ ಇಲ್ಲ, ದೀಪವಿಲ್ಲ. ಹಿಂದಿನ ಮಡ್‌ಗಾರ್ಡಿಗೆ ತಿರುಪು ಹಾಕಿ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆಯೊಂದಿದೆ, ಅಷ್ಟೆ. ಬಸ್ಸಿನ ಬೆಳಕನ್ನು ಅದು ಬಸ್ಸಿಗೇ ಹಿಂತಿರುಗಿಸಿತು. ಸವಾರ ಬಚಾವಾದ.

2023ರ ಡಿಸೆಂಬರ್ 12ರಂದು ಚಂದ್ರನ ಮೇಲೂ ಇಂಥದೇ ಒಂದು ಚುಕ್ಕೆ ಮಿನುಗಿತು. ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ ನೌಕೆ ಸುಮಾರು ನೂರು ಕಿಲೊಮೀಟರ್ ದೂರದಿಂದ ನಮ್ಮ ವಿಕ್ರಮ್ ಲ್ಯಾಂಡರಿನತ್ತ ಲೇಸರ್ ಕಿರಣ ಹಾಯಿಸಿತು. ಬೆಳಕು ಮರಳಿ ಬಂತು. ಆ ಹೊತ್ತಿಗೆ ವಿಕ್ರಮ್ ಮಾತು ನಿಲ್ಲಿಸಿ ಮೂರು ತಿಂಗಳು ಕಳೆದಿದ್ದವು. ಆಗಸ್ಟ್ 23ರಂದು ಇಳಿದ ಲ್ಯಾಂಡರನ್ನು ಸೆಪ್ಟೆಂಬರ್ 4ರಂದು ಮಲಗಿಸಲಾಗಿತ್ತು. ಚಂದ್ರನ ದೀರ್ಘ ರಾತ್ರಿಯ ಕೊರೆವ ಚಳಿ ಕಳೆದ ಮೇಲೆ ಬೆಂಗಳೂರಿನಿಂದ ಎಷ್ಟು ಕರೆದರೂ ಅದು ಎದ್ದಿರಲಿಲ್ಲ. ಬ್ಯಾಟರಿ ಸತ್ತಿದೆ, ರೇಡಿಯೊ ಸತ್ತಿದೆ. ಆದರೆ ಅದರ ನೆತ್ತಿಯ ಮೇಲೆ ನಾಸಾ ಕೊಟ್ಟ ಪುಟ್ಟ ಗುಮ್ಮಟವೊಂದಿದೆ. ಐದು ಸೆಂಟಿಮೀಟರ್ ಅಗಲ, ಇಪ್ಪತ್ತು ಗ್ರಾಂ ತೂಕ, ಎಂಟು ಗಾಜಿನ ಪ್ರಿಸಂಗಳು. ವಿದ್ಯುತ್ತು ಬೇಡ, ತಂತಿ ಬೇಡ, ರಿಪೇರಿ ಬೇಡ. ‘ನಾನಿಲ್ಲಿದ್ದೇನೆ’ ಎಂದದ್ದು ಅದೇ.

ಮೂಲೆಯ ಮಹಿಮೆ

ಗೋಡೆಯ ಕನ್ನಡಿಗೆ ಟಾರ್ಚ್ ಬಿಟ್ಟರೆ ಬೆಳಕು ನಿಮ್ಮತ್ತ ಬರುವುದು ನೀವು ಸರಿಯಾಗಿ ಎದುರಿಗೆ ನಿಂತಾಗ ಮಾತ್ರ. ಸ್ವಲ್ಪ ಓರೆಯಾದರೂ ಅದು ಇನ್ನೆಲ್ಲೋ ಹೋಗಿ ಬೀಳುತ್ತದೆ. ಈಗ ಕೋಣೆಯ ಮೂಲೆಗೆ ಬನ್ನಿ. ಎರಡು ಗೋಡೆ ಮತ್ತು ನೆಲ ಕೂಡುವ ಜಾಗವದು. ಆ ಮೂರಕ್ಕೂ ಕನ್ನಡಿ ಹೊದಿಸಿದ್ದೇವೆ ಎಂದಿಟ್ಟುಕೊಳ್ಳಿ. ಬೆಳಕು ಒಂದು ಗೋಡೆಗೆ ತಾಗಿ, ಇನ್ನೊಂದಕ್ಕೆ ತಾಗಿ, ನೆಲಕ್ಕೂ ತಾಗಿ ಹೊರಬರುವಾಗ ಬಂದ ದಿಕ್ಕಿಗೇ ಮುಖ ಮಾಡಿರುತ್ತದೆ. ಪ್ರತಿ ಕನ್ನಡಿಯೂ ಚಲನೆಯ ಒಂದೊಂದು ದಿಕ್ಕನ್ನು ತಿರುಗುಮುರುಗು ಮಾಡುತ್ತದೆ. ಮೂರೂ ತಿರುಗಿದರೆ ಬಂದ ದಾರಿಗೇ ಸುಂಕವಿಲ್ಲದೆ ವಾಪಸು. ಕನ್ನಡಿ ಕೊಂಚ ವಾಲಿದ್ದರೂ ಚಿಂತೆಯಿಲ್ಲ.

ಸೈಕಲ್ಲಿನ ಬಿಲ್ಲೆಯಲ್ಲಿರುವುದು ಇಂಥ ನೂರಾರು ಪುಟ್ಟ ಮೂಲೆಗಳು. ರಸ್ತೆ ಅಗಲ ಮಾಡುವಾಗ ಸರ್ವೆಯವರು ಮುಕ್ಕಾಲಿ ಪೀಠದ ಮೇಲೆ ಯಂತ್ರ ಇಟ್ಟು ನೋಡುತ್ತಿದ್ದರೆ, ದೂರದಲ್ಲಿ ಒಬ್ಬ ಹುಡುಗ ಕೋಲು ಹಿಡಿದು ನಿಂತಿರುತ್ತಾನಲ್ಲ, ಆ ಕೋಲಿನ ತುದಿಯ ಗಾಜೂ ಇದೇ. ನಮ್ಮ ನಾವಿಕ್ ಸರಣಿಯ ಉಪಗ್ರಹಗಳ ಮೈಮೇಲೂ ಇಂಥ ಪ್ರಿಸಂಗಳಿವೆ. ನೆಲದಿಂದ ಲೇಸರ್ ಬಿಟ್ಟು ಅವುಗಳ ಕಕ್ಷೆಯನ್ನು ಕರಾರುವಾಕ್ಕಾಗಿ ಅಳೆಯುತ್ತಾರೆ. ಬೆಳಕಿನ ವೇಗ ಗೊತ್ತಿದೆ; ಹೋಗಿಬರಲು ಹಿಡಿದ ಹೊತ್ತು ಗೊತ್ತಾದರೆ ದೂರ ಗೊತ್ತಾದಂತೆ. ಲೆಕ್ಕ ಅಷ್ಟೇ ಸರಳ.

ಒಂದೇ ಒಂದು ಕಣ

ಚಂದ್ರನ ವಿಷಯದಲ್ಲಿ ಮಾತ್ರ ಲೆಕ್ಕ ಸರಳ, ಕೆಲಸ ಕಠಿಣ. 1969ರ ಜುಲೈನಲ್ಲಿ ಅಪೊಲೊ 11ರ ಯಾತ್ರಿಗಳು ನೂರು ಪ್ರಿಸಂಗಳ ಒಂದು ತಟ್ಟೆಯನ್ನು ಅಲ್ಲಿ ಇಟ್ಟುಬಂದರು. ಆಗಸ್ಟ್ 1ರಂದು ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ಮೊದಲ ಬೆಳಕು ಮರಳಿತು. 1971ರಲ್ಲಿ ಅಪೊಲೊ 14 ಇನ್ನೂ ನೂರು, ಅಪೊಲೊ 15 ಮುನ್ನೂರು ಪ್ರಿಸಂಗಳನ್ನು ಇಟ್ಟವು. ಸೋವಿಯತ್ ಒಕ್ಕೂಟದ ಎರಡು ಲೂನೊಖೋದ್ ಗಾಡಿಗಳು ಫ್ರಾನ್ಸಿನಲ್ಲಿ ತಯಾರಾದ ಪ್ರತಿಫಲಕಗಳನ್ನು ಹೊತ್ತು ಅಲ್ಲಿ ಓಡಾಡಿದವು.

ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿ ಮೂರೂವರೆ ಮೀಟರ್ ದೂರದರ್ಶಕದಿಂದ ಲೇಸರ್ ಮಿಡಿತಗಳನ್ನು ಕಳಿಸುತ್ತಾರೆ. ಒಂದೊಂದು ಮಿಡಿತದಲ್ಲೂ ಬೆಳಕಿನ ಕಣಗಳು ಸುಮಾರು ಮೂರು ಸಾವಿರ ಕೋಟಿ ಕೋಟಿ. ಚಂದ್ರನನ್ನು ತಲುಪುವಾಗ ಕಿರಣ ಎರಡು ಕಿಲೊಮೀಟರ್ ಅಗಲ ಹರಡಿರುತ್ತದೆ. ತಟ್ಟೆಗೆ ತಾಗುವುದು ಅದರ ಅತಿ ಚಿಕ್ಕ ಪಾಲು. ತಾಗಿದ್ದೂ ವಾಪಸು ಬರುವಾಗ ಮತ್ತೆ ಹರಡಿಕೊಳ್ಳುತ್ತದೆ. ಎರಡೂವರೆ ಸೆಕೆಂಡಿನ ನಂತರ ದೂರದರ್ಶಕದ ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದು ಕಣ. ಎಷ್ಟೋ ಸಲ ಅದೂ ಇಲ್ಲ. ಅಂಥ ಸಾವಿರಾರು ಕಣಗಳನ್ನು ಕೂಡಿಹಾಕಿ ಸುಮಾರು 3,84,400 ಕಿ.ಮೀ. ದೂರವನ್ನು ಮಿಲಿಮೀಟರಿನ ಮಟ್ಟಕ್ಕೆ ಅಳೆಯುತ್ತಾರೆ.

ಇಷ್ಟೆಲ್ಲ ಪಾಡುಪಟ್ಟು ಸಿಕ್ಕಿದ್ದೇನು? ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ; ನಮ್ಮ ಕೈಬೆರಳ ಉಗುರು ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಅವನ ಒಡಲಿನಲ್ಲಿ ದ್ರವರೂಪದ ತಿರುಳಿದೆ ಎಂಬುದಕ್ಕೆ ಪುರಾವೆ ಸಿಕ್ಕಿತು. ಭೂಮಿ ಮತ್ತು ಚಂದ್ರ ಎರಡೂ ಸೂರ್ಯನತ್ತ ಒಂದೇ ರೀತಿ ಬೀಳುತ್ತಿವೆಯೇ ಎಂಬ ಐನ್‌ಸ್ಟೈನರ ಸಿದ್ಧಾಂತದ ಪರೀಕ್ಷೆಯೂ ನಡೆಯಿತು. ಹತ್ತು ಲಕ್ಷ ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಸೂಕ್ಷ್ಮವಾಗಿ ನೋಡಿದರೂ ಐನ್‌ಸ್ಟೈನ್ ಸೋತಿಲ್ಲ.

ಕಳೆದುಹೋದ ಗಾಡಿ

ಇವುಗಳಲ್ಲಿ ಒಂದು ಮಾತ್ರ ಬಹುಕಾಲ ನಾಪತ್ತೆಯಾಗಿತ್ತು. 1970ರ ನವೆಂಬರ್ 17ರಂದು ಇಳಿದ ಲೂನೊಖೋದ್ 1 ಹತ್ತು ತಿಂಗಳು ದುಡಿದು 1971ರ ಸೆಪ್ಟೆಂಬರ್ 14ರಂದು ಮೌನವಾಯಿತು. ಆರಂಭದ ದಿನಗಳಲ್ಲಿ ಅದರಿಂದ ಬೆಳಕು ಮರಳಿದ್ದುಂಟು. ಆಮೇಲೆ ಯಾರು ಎಷ್ಟು ಹುಡುಕಿದರೂ ಸುದ್ದಿಯಿಲ್ಲ. ಗಾಡಿ ವಾಲಿ ನಿಂತಿರಬೇಕು, ಧೂಳು ಮುಚ್ಚಿರಬೇಕು ಎಂದುಕೊಂಡು ಸುಮ್ಮನಾಗಬಹುದಿತ್ತು.

2010ರ ಮಾರ್ಚಿನಲ್ಲಿ ಎಲ್‌ಆರ್‌ಒ ತೆಗೆದ ಚಿತ್ರಗಳಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು. ಅದೇ ಲೂನೊಖೋದ್. ಹಿಂದೆ ಹುಡುಕುತ್ತಿದ್ದ ಜಾಗ ಕಿಲೊಮೀಟರುಗಳಷ್ಟು ತಪ್ಪಾಗಿತ್ತು. ಎರಡು ಕಿಲೊಮೀಟರ್ ಅಗಲದ ಬೆಳಕು ಪ್ರತಿ ಸಲವೂ ಪಕ್ಕದ ಬೀದಿಯ ಬಾಗಿಲು ತಟ್ಟಿ ಬಂದಿತ್ತು! ಏಪ್ರಿಲ್ 22ರಂದು ಭೌತವಿಜ್ಞಾನಿ ಟಾಮ್ ಮರ್ಫಿ ಅವರ ತಂಡ ಅಪಾಚೆ ಪಾಯಿಂಟ್‌ನಿಂದ ಹೊಸ ವಿಳಾಸಕ್ಕೆ ಲೇಸರ್ ಬಿಟ್ಟಿತು. ಮೊದಲ ಯತ್ನದಲ್ಲೇ ಸುಮಾರು ಎರಡು ಸಾವಿರ ಕಣಗಳು ಮರಳಿದವು. ಸುಮಾರು ನಾಲ್ಕು ದಶಕದ ನಂತರ ಸಿಕ್ಕ ಆ ಕನ್ನಡಿ ತನ್ನ ಜೋಡಿ ಲೂನೊಖೋದ್ 2ಕ್ಕಿಂತ ಪ್ರಖರವಾಗಿತ್ತು. ಕೆಟ್ಟಿದ್ದು ಕನ್ನಡಿಯಲ್ಲ, ನಮ್ಮ ನಕ್ಷೆ.

ಹುಣ್ಣಿಮೆಯ ಗ್ರಹಚಾರ

ಹಾಗೆಂದು ಈ ಕನ್ನಡಿಗಳಿಗೆ ಮುಪ್ಪೇ ಇಲ್ಲ ಎನ್ನುವಂತಿಲ್ಲ. ಅಪೊಲೊ ತಟ್ಟೆಗಳಿಂದ ಬರಬೇಕಾದ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ ಬರುತ್ತಿದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಅದೂ ಮತ್ತೆ ಹತ್ತು ಪಟ್ಟು ಕುಸಿಯುತ್ತದೆ. ಮರ್ಫಿ ತಂಡದ ಸಂಶಯ ಧೂಳಿನ ಮೇಲೆ. ಹುಣ್ಣಿಮೆಯ ಬಿಸಿಲು ನೇರವಾಗಿ ತಟ್ಟೆಯ ಮೇಲೆ ಬೀಳುತ್ತದೆ. ಗಾಜಿನ ಮೇಲಿನ ಧೂಳು ಕಾದು, ಗಾಜು ಒಂದು ಕಡೆ ಬಿಸಿ, ಒಂದು ಕಡೆ ತಂಪಾಗಿ, ಬೆಳಕು ಚೆದುರುತ್ತದೆ. 2010ರ ಡಿಸೆಂಬರ್ 21ರ ಪೂರ್ಣ ಚಂದ್ರಗ್ರಹಣದ ರಾತ್ರಿ ಅವರು ಕಾದು ಕುಳಿತರು. ಭೂಮಿಯ ನೆರಳು ತಟ್ಟೆಗಳ ಮೇಲೆ ಬಿದ್ದು ಬಿಸಿಲು ಸರಿಯುತ್ತಲೇ ಮರಳುವ ಬೆಳಕು ಹತ್ತು ಪಟ್ಟು ಚೇತರಿಸಿಕೊಂಡಿತು. ಗ್ರಹಣದಿಂದ ಒಳ್ಳೆಯದಾದ ಅಪರೂಪದ ಪ್ರಸಂಗವಿದು.

ಮತ್ತೊಂದು ತೊಡಕೂ ಇದೆ. ಚಂದ್ರ ನಮ್ಮೆದುರು ಅತ್ತಿತ್ತ ತುಸು ತೂಗುವುದರಿಂದ ತಟ್ಟೆಯ ಒಂದು ಮೂಲೆ ಹತ್ತಿರ, ಇನ್ನೊಂದು ದೂರವಾಗುತ್ತದೆ. ಕಣ ಯಾವ ಪ್ರಿಸಂನಿಂದ ಬಂತೆಂದು ಹೇಳುವುದು ಹೇಗೆ? ಹಾಗಾಗಿ 2025ರ ಮಾರ್ಚ್ 2ರಂದು ಇಳಿದ ಬ್ಲೂ ಘೋಸ್ಟ್ ಲ್ಯಾಂಡರಿನಲ್ಲಿ ನೂರಾರು ಪ್ರಿಸಂಗಳ ಬದಲು ಹತ್ತು ಸೆಂಟಿಮೀಟರ್ ಅಗಲದ ಒಂದೇ ದೊಡ್ಡ ಪ್ರಿಸಂ ಕಳಿಸಿದರು.

ನಮ್ಮ ವಿಕ್ರಮನ ಗುಮ್ಮಟ ಅಂಥ ದೊಡ್ಡ ಅಳತೆಗಳಿಗೆ ಸಾಲದು. ಭೂಮಿಯಿಂದ ಲೇಸರ್ ಬಿಟ್ಟರೆ ಉತ್ತರ ಕೊಡುವಷ್ಟು ದೊಡ್ಡದಲ್ಲ ಅದು. ಅದರ ಕೆಲಸವೇ ಬೇರೆ. ಚಂದ್ರನನ್ನು ಸುತ್ತುವ ನೌಕೆಗಳಿಗೆ, ಮುಂದೆ ಅಲ್ಲಿ ಇಳಿಯುವವರಿಗೆ ಅದೊಂದು ಮೈಲಿಗಲ್ಲು. ಎಂಟು ಪ್ರಿಸಂಗಳು ಎಂಟು ಕಡೆಗೆ ಮುಖ ಮಾಡಿರುವುದರಿಂದ ಯಾವ ದಿಕ್ಕಿನಿಂದ ಬಂದವರಿಗೂ ಅದು ಕಾಣುತ್ತದೆ. ದಶಕಗಳ ಕಾಲ ಹಾಗೆಯೇ ಇರುತ್ತದೆ ಎಂಬ ಭರವಸೆ ವಿಜ್ಞಾನಿಗಳದ್ದು.

ಚಂದ್ರಯಾನ 3ರಲ್ಲಿ ಕ್ಯಾಮೆರಾ, ಕಂಪನಮಾಪಕ, ಉಷ್ಣಮಾಪಕ ಎಲ್ಲ ಇದ್ದವು. ಹನ್ನೆರಡು ದಿನ ದುಡಿದು ಅವು ಸುಮ್ಮನಾದವು. ಇಪ್ಪತ್ತು ಗ್ರಾಮಿನ ಈ ಗಾಜಿನ ಗೊಂಚಲು ಮಾತ್ರ ಈಗಲೂ ಕೆಲಸದ ಮೇಲಿದೆ. ಅದಕ್ಕೆ ಬೇಕಾದ್ದು ಯಾರಾದರೂ ಅತ್ತ ಒಂದಿಷ್ಟು ಬೆಳಕು ಬಿಡುವುದು, ಅಷ್ಟೆ.