ರಕ್ತ ತೆಳು ಮಾಡೋ ಮಾತ್ರೆ: ನಿಲ್ಲಿಸೋ ಮುನ್ನ ಕೇಳಿ, ಬೇರೆ ಮಾತ್ರೆ ಸೇರಿಸೋ ಮುನ್ನ ಹೇಳಿ

ಕೊಪ್ಪ: ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ವಾಲ್ವ್ ಬದಲಿಸಿಕೊಂಡವರು, ಎದೆ ಬಡಿತ ಏರುಪೇರಾಗಿ ಚಿಕಿತ್ಸೆಯಲ್ಲಿರುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈಗ ಊರೂರಲ್ಲೂ ಸಿಗುತ್ತಾರೆ. ಚಿಕಿತ್ಸೆ ಆಗಿದ್ದು ಬೆಂಗಳೂರಿನ ಜಯದೇವದಲ್ಲೋ, ಮಣಿಪಾಲದಲ್ಲೋ, ಶಿವಮೊಗ್ಗದಲ್ಲೋ. ವಾಪಸ್ ಬರುವಾಗ ಜೊತೆಗೆ ಬರೋದು ಮಾತ್ರೆ ಚೀಟಿ ಮಾತ್ರ. ಆಮೇಲೆ ಸಂಶಯ ಬಂದಾಗ ಕೇಳೋಕೆ ಆ ಡಾಕ್ಟರು ಹತ್ತಿರ ಇರಲ್ಲ. ಪಕ್ಕದ ಮನೆಯವರು, ಅಂಗಡಿಯವರು, ನೆಂಟರು ಹೇಳಿದ ಮಾತೇ ನಡೆಯುತ್ತೆ.

ತೊಂದರೆ ಆಗೋದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸೋದು. ಇನ್ನೊಂದು, ಈ ಮಾತ್ರೆ ತಗೊಳ್ತಿದ್ದೀನಿ ಅಂತ ಹೇಳದೆ ಬೇರೆ ಮಾತ್ರೆ, ಇಂಜೆಕ್ಷನ್ ತಗೊಳ್ಳೋದು. ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿದೆ ಉತ್ತರ.

ರಕ್ತ ನಿಜವಾಗಿಯೂ ನೀರಾಗುತ್ತಾ?

ಇಲ್ಲ. ರಕ್ತ ಅಷ್ಟೇ ಗಟ್ಟಿ ಇರುತ್ತೆ. ಹೆಪ್ಪುಗಟ್ಟೋದು ನಿಧಾನವಾಗುತ್ತೆ, ಅಷ್ಟೇ. ಮಲೆನಾಡಿನವರಿಗೆ ಇದನ್ನು ಅರ್ಥ ಮಾಡಿಸಲು ಉಂಬಳವೇ ಸಾಕು. ಉಂಬಳ ಕಚ್ಚಿ ಬಿದ್ದುಹೋದ ಮೇಲೂ ಕಾಲಿಂದ ರಕ್ತ ಸುರಿಯುತ್ತಲೇ ಇರುತ್ತದಲ್ಲ? ಅದರ ಜೊಲ್ಲಿನಲ್ಲಿ ಒಂದು ವಸ್ತು ಇದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಮಾತ್ರೆ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ, ಆದರೆ ಲೆಕ್ಕಾಚಾರದ ಪ್ರಮಾಣದಲ್ಲಿ. ಗಾಯವಾದಾಗ ಹೆಪ್ಪು ನಮ್ಮನ್ನು ಉಳಿಸುತ್ತೆ. ಅದೇ ಹೆಪ್ಪು ಹೃದಯದ ರಕ್ತನಾಳದಲ್ಲಿ ಕೂತರೆ ಹೃದಯಾಘಾತ, ಮೆದುಳಿಗೆ ಹೋದರೆ ಪಾರ್ಶ್ವವಾಯು.

ಎಲ್ಲರದ್ದೂ ಒಂದೇ ಮಾತ್ರೆನಾ?

ಅಲ್ಲ. ಮುಖ್ಯವಾಗಿ ಎರಡು ಗುಂಪು ಇದೆ.

ಮೊದಲನೆಯದು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್. ಇವು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿದವರಿಗೆ ಇವನ್ನು ಕೊಡ್ತಾರೆ.

ಎರಡನೆಯದು ವಾರ್ಫರಿನ್, ಅಸಿನೊಕೌಮರಾಲ್ ಮತ್ತು ಹೊಸದಾಗಿ ಬಂದ ಅಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಟ್ರಾನ್. ಲೋಹದ ವಾಲ್ವ್ ಹಾಕಿದವರಿಗೆ, ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೆ ಈ ಗುಂಪಿನಿಂದ ಆರಿಸಿ ಕೊಡ್ತಾರೆ.

ಇಲ್ಲೊಂದು ಎಚ್ಚರಿಕೆ. ಲೋಹದ ವಾಲ್ವ್ ಇರುವವರಿಗೆ ಹೊಸ ಮಾತ್ರೆಗಳು ಆಗಿಬರುವುದಿಲ್ಲ. ಕೀಲುಜ್ವರದಿಂದ ಮೈಟ್ರಲ್ ವಾಲ್ವ್ ತುಂಬಾ ಕಿರಿದಾದವರಿಗೂ ಹಳೇ ವಾರ್ಫರಿನ್ ಜಾತಿಯದ್ದೇ ಬೇಕು. ಹಾಗಾಗಿ "ನಮ್ಮ ಭಾವ ತಗೊಳ್ಳೋದರಲ್ಲಿ ಟೆಸ್ಟ್ ಬೇಡವಂತೆ, ಅದನ್ನೇ ಕೊಡಿ" ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಬೇಡಿ.

ವಾರ್ಫರಿನ್ ಇಲಿ ಪಾಷಾಣ ಅಂತಾರಲ್ಲ?

ಅರ್ಧ ನಿಜ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯತೊಡಗಿದವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪತ್ತೆ ಮಾಡಿದರು. ಅದರಿಂದಲೇ ಮುಂದೆ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ಮದ್ದಾಗಿ ಬಂತು, 1954ರಲ್ಲಿ ಮನುಷ್ಯರ ಔಷಧವಾಗಿ ಅನುಮತಿ ಸಿಕ್ಕಿತು. ತೋಟಕ್ಕೆ, ಗೋದಾಮಿಗೆ ಇಡುವ ಬ್ರೊಮಾಡಿಯೊಲೋನ್ ಇಲಿ ಮದ್ದು ಕೂಡ ಇದೇ ಜಾತಿಯದ್ದು. ವ್ಯತ್ಯಾಸ ಇರೋದು ಪ್ರಮಾಣದಲ್ಲಿ. ಅದಕ್ಕಾಗಿಯೇ ವಾರ್ಫರಿನ್ ತಗೊಳ್ಳುವವರಿಗೆ ರಕ್ತ ಪರೀಕ್ಷೆ ಕಡ್ಡಾಯ.

ಐಎನ್‌ಆರ್ ಟೆಸ್ಟ್ ತಪ್ಪಿಸಿದರೆ ಏನಾಗುತ್ತೆ?

ಮಾತ್ರೆ ತಗೊಳ್ಳದವರ ಐಎನ್‌ಆರ್ ಸುಮಾರು 1 ಇರುತ್ತೆ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಸಾಮಾನ್ಯವಾಗಿ 2ರಿಂದ 3ರ ಒಳಗೆ ಇಡ್ತಾರೆ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ ಸಾಮಾನ್ಯವಾಗಿ 2.5ರಿಂದ 3.5. ಇದಕ್ಕಿಂತ ಕಡಿಮೆಯಾದರೆ ಹೆಪ್ಪು ಕಟ್ಟಿ ವಾಲ್ವ್ ಸಿಕ್ಕಿಹಾಕಿಕೊಳ್ಳಬಹುದು, ಜಾಸ್ತಿಯಾದರೆ ರಕ್ತಸ್ರಾವ ಆಗಬಹುದು. ಮೈಗೆ ಏನೂ ಗೊತ್ತಾಗಲ್ಲ, ಟೆಸ್ಟ್ ಮಾಡಿದರೆ ಮಾತ್ರ ಗೊತ್ತಾಗೋದು. ನಿಮ್ಮ ಗುರಿ ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪ್ರತಿ ಟೆಸ್ಟಿನ ತಾರೀಕು, ರಿಪೋರ್ಟು, ಮಾತ್ರೆ ಪ್ರಮಾಣ ಅದರಲ್ಲೇ ಇರಲಿ.

ಹೊಸ ಮಾತ್ರೆಗಳಿಗೆ ಐಎನ್‌ಆರ್ ಬೇಡ. ಆದರೆ ಕಿಡ್ನಿ ಹೇಗಿದೆ ಅಂತ ಆಗಾಗ ನೋಡಿಸಬೇಕು.

ಸೊಪ್ಪು ತಿನ್ನಬಾರದಾ?

ತಿನ್ನಬಹುದು. ಬಸಳೆ, ಹರಿವೆ, ನುಗ್ಗೆ ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ. ಅದು ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತೆ. ಆದರೆ ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು. ಒಂದು ತಿಂಗಳು ಸೊಪ್ಪೇ ಇಲ್ಲ, ಮುಂದಿನ ತಿಂಗಳು ದಿನಾ ಸೊಪ್ಪಿನ ಸಾರು ಅಂತಾದರೆ ಲೆಕ್ಕ ತಪ್ಪುತ್ತೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮತ್ತು ಹೊಸ ಮಾತ್ರೆ ತಗೊಳ್ಳುವವರಿಗೆ ಸೊಪ್ಪಿನ ಚಿಂತೆಯೇ ಬೇಡ.

ಊಟ ಸೇರದೆ ಇದ್ದಾಗ, ಭೇದಿಯಾದಾಗ ಐಎನ್‌ಆರ್ ಏರಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಚರ್ಮದ ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡ ಏರಿಸುತ್ತವೆ. ಕುಡಿತವೂ ಲೆಕ್ಕ ತಪ್ಪಿಸುತ್ತೆ. ನಾಟಿ ಔಷಧ, ಕಷಾಯ ಶುರು ಮಾಡುವುದಿದ್ದರೆ ಮೊದಲು ಡಾಕ್ಟರಿಗೆ ಹೇಳಿ.

ಮೈಕೈ ನೋವಿಗೆ ಮಾತ್ರೆ ತಗೋಬಹುದಾ?

ಅತಿ ಹೆಚ್ಚು ಎಚ್ಚರ ಬೇಕಾದ್ದು ಇಲ್ಲೇ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಈ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಬಹುದು. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್ನೇ ಇರುತ್ತೆ. ಸಾಮಾನ್ಯ ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ವಾಸಿ. ಅದೂ ದಿನಗಟ್ಟಲೆ ಬೇಕಾದರೆ ಡಾಕ್ಟರನ್ನು ಕೇಳಿ.

ಅಂಗಡಿಯವರಲ್ಲೂ ಒಂದು ಮನವಿ: ನೋವಿನ ಮಾತ್ರೆ ಕೇಳಿ ಬಂದವರಿಗೆ "ಹಾರ್ಟಿನ ಮಾತ್ರೆ ತಗೊಳ್ತಿದ್ದೀರಾ?" ಅಂತ ಒಂದು ಮಾತು ಕೇಳಿ. ಹೌದು ಅಂದರೆ ಮಾತ್ರೆ ಕೊಡದೆ ಆಸ್ಪತ್ರೆಗೆ ಕಳಿಸಿ.

"ಒಂದು ಸೂಜಿ ಹಾಕಿ ಡಾಕ್ಟ್ರೇ" ಅನ್ನುವ ಅಭ್ಯಾಸವೂ ಇಲ್ಲಿ ಅಪಾಯವೇ. ವಾರ್ಫರಿನ್ ತಗೊಳ್ಳುವವರಿಗೆ ಸೊಂಟಕ್ಕೆ ಹಾಕುವ ಇಂಜೆಕ್ಷನ್‌ನಿಂದ ಮಾಂಸದೊಳಗೆ ರಕ್ತ ತುಂಬಿಕೊಳ್ಳಬಹುದು.

ಜ್ವರ ಬಂದರೆ?

ನಮ್ಮ ಮೂರೂ ತಾಲ್ಲೂಕಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇದು ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಪ್ರದೇಶ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗಿನಿಂದ ಹರಡುತ್ತದೆ, ಬೇಸಿಗೆಯಲ್ಲಿ ಹೆಚ್ಚು. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು, ರಕ್ತಸ್ರಾವ ಆಗಬಹುದು. ಅದರ ಮೇಲೆ ರಕ್ತ ತೆಳು ಮಾಡೋ ಮಾತ್ರೆಯೂ ಇದ್ದರೆ ಅಪಾಯ ಜಾಸ್ತಿ.

ಕಾಡಿಗೆ, ತೋಟಕ್ಕೆ, ಸೊಪ್ಪು ತರಲು ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ತೋರಿಸಿ. ಮಾತ್ರೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ಪ್ಲೇಟ್‌ಲೆಟ್ ನೋಡಿ ಡಾಕ್ಟರೇ ತೀರ್ಮಾನ ಮಾಡಲಿ.

ಹುಷಾರಾಗಿದ್ದೀನಿ, ನಿಲ್ಲಿಸಲಾ?

ಬೇಡ. ಹುಷಾರಾಗಿರೋದೇ ಮಾತ್ರೆಯಿಂದ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡು ಮಾತ್ರೆ, ಆಮೇಲೆ ಒಂದು ಮಾತ್ರೆ ಮುಂದುವರಿಯುತ್ತೆ. ಮೊದಲ ತಿಂಗಳುಗಳಲ್ಲಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಲೋಹದ ವಾಲ್ವ್ ಇದ್ದರೆ ಜೀವನಪೂರ್ತಿ.

ಹಲ್ಲು ಕೀಳಿಸೋಕೂ ಬಹಳಷ್ಟು ಸಲ ಮಾತ್ರೆ ನಿಲ್ಲಿಸಬೇಕಾಗಲ್ಲ. ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ. ಆಪರೇಷನ್ ಇದ್ದರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅಂತ ಬರೆಸಿಕೊಳ್ಳಿ.

ವಾಲ್ವ್ ಹಾಕಿಸಿಕೊಂಡ ಹೆಣ್ಣುಮಕ್ಕಳು ಮಗು ಬೇಕು ಅಂದುಕೊಂಡಾಗಲೇ ಹೃದಯದ ಡಾಕ್ಟರನ್ನು ಕಾಣಬೇಕು. ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಹಾಗಂತ ತಾವೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ.

ಒಂದು ದಿನ ಮರೆತರೆ?

ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ವಾರ್ಫರಿನ್ ಆದರೆ ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನ ನೆನಪಾದರೆ ಆ ದಿನದ್ದು ಮಾತ್ರ ತಗೊಂಡು, ತಪ್ಪಿದ್ದನ್ನು ಪುಸ್ತಕದಲ್ಲಿ ಬರೆಯಿರಿ. ಅಪಿಕ್ಸಬಾನ್, ಡಬಿಗಟ್ರಾನ್ ದಿನಕ್ಕೆರಡು ಸಲದ ಮಾತ್ರೆಗಳು, ಒಂದು ಹೊತ್ತು ತಪ್ಪಿದರೂ ರಕ್ಷಣೆ ಬೇಗ ಇಳಿಯುತ್ತೆ.

ಮಳೆಗಾಲದಲ್ಲಿ ಮರ ಬಿದ್ದು, ಧರೆ ಕುಸಿದು ರಸ್ತೆ ಕಟ್ಟಾಗೋದು ನಮಗೆ ಹೊಸದಲ್ಲ. ಜೂನ್‌ಗೆ ಮುಂಚೆಯೇ ಕನಿಷ್ಠ ಒಂದು ತಿಂಗಳ ಮಾತ್ರೆ ಮನೆಯಲ್ಲಿರಲಿ, ತೇವ ತಾಗದ ಡಬ್ಬಿಯಲ್ಲಿರಲಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಉಂಬಳ ಕಚ್ಚಿದ ಜಾಗ, ಕತ್ತಿ ತಾಗಿದ ಗಾಯವನ್ನು ಶುಭ್ರ ಬಟ್ಟೆಯಿಂದ 10-15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅಷ್ಟಕ್ಕೂ ರಕ್ತ ನಿಲ್ಲದಿದ್ದರೆ ಹೊರಡಿ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ರಕ್ತ ವಾಂತಿಯಾದರೆ, ಹಠಾತ್ತಾಗಿ ಜೋರು ತಲೆನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಬಲ ಕಳೆದುಕೊಂಡರೆ 108ಕ್ಕೆ ಕರೆ ಮಾಡಿ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ತೋರಿಸಲೇಬೇಕು.

ಎದೆನೋವು ಬಂದಾಗಲೂ ಈ ಮಾತ್ರೆಯ ವಿಷಯ ಮೊದಲು ಹೇಳಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಜೀವ ಉಳಿಸುವ ಮದ್ದು ಅದು. ಆದರೆ ವಾರ್ಫರಿನ್ ಅಥವಾ ಹೊಸ ಮಾತ್ರೆ ತಗೊಳ್ಳುತ್ತಿರುವವರಿಗೆ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಡಾಕ್ಟರಿಗೆ ಗೊತ್ತಿದ್ದರೆ ಮಾತ್ರ ಅವರು ತೂಗಿ ನೋಡಲು ಸಾಧ್ಯ.

ಆ ಹೊತ್ತಿಗೆ ರೋಗಿಗೆ ಮಾತಾಡಲು ಆಗದೆ ಇರಬಹುದು. ಆದ್ದರಿಂದ ಮಾತ್ರೆಯ ಹೆಸರು, ಪ್ರಮಾಣ, ಯಾವ ಕಾಯಿಲೆಗೆ, ಚಿಕಿತ್ಸೆ ಕೊಟ್ಟ ಆಸ್ಪತ್ರೆ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅದರ ಫೋಟೋ ಮನೆಯವರ ಮೊಬೈಲಿನಲ್ಲೂ ಇರಲಿ.

(ಈ ಬರಹ ಸಾಮಾನ್ಯ ತಿಳಿವಳಿಕೆಗಾಗಿ. ಮಾತ್ರೆಯ ಪ್ರಮಾಣ ಬದಲಿಸುವ ಮುನ್ನ ನಿಮ್ಮ ವೈದ್ಯರನ್ನೇ ಕೇಳಿ.)